ಎಂಟು ಗಂಟೆಯ ಕ್ಲಾಸು

ಎಮಿಲಜ್ಜನ ಹಲ್ಲು ನೋಯದೇ ಇದ್ದಿದ್ದರೆ ಆರ್ನಿ ಕೊಸ್ಕೆಲನಿಗೆ ಅವತ್ತು ಅಷ್ಟೆಲ್ಲ ಫಜೀತಿ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅಜ್ಜನ ಹಲ್ಲು ಅಷ್ಟೇನೂ ನೋಯುತ್ತಿರಲಿಲ್ಲ. ಪಕ್ಕದ ಮನೆಯಲ್ಲೇ ಹಲ್ಲಿನ ಡಾಕ್ಟರಾಗುವ ಹುಡುಗ ಇರುವಾಗ ಒಂದು ಸಲ ತೋರಿಸಿಬಿಟ್ಟರೆ ನಷ್ಟವೇನು ಎಂದು ಅವನಿಗೆ ಅನ್ನಿಸಿತ್ತು, ಅಷ್ಟೆ.

ಆರ್ನಿ ಹಲ್ಲಿನ ಡಾಕ್ಟರಾಗುವುದು ಇನ್ನೂ ಬಹಳ ದೂರವಿತ್ತು. ದಂತವೈದ್ಯ ಕಾಲೇಜಿಗೆ ಅರ್ಜಿ ಹಾಕುವ ಮುನ್ನ ಓದಿ ಮುಗಿಸಬೇಕಾದ ವಿಜ್ಞಾನದ ಪಾಠಗಳೇ ಒಂದು ರಾಶಿ ಇರುತ್ತವೆ. ಅವನ್ನು ನಮ್ಮೂರಿನ ಕಾಲೇಜಿನಲ್ಲಿ ಓದುತ್ತಿದ್ದ. ಮೊದಲ ವರ್ಷ ಮುಗಿದು ಎರಡನೆಯದು ಶುರುವಾಗುವುದರಲ್ಲಿತ್ತು. ಅಲ್ಲಿಯವರೆಗೆ ಅವನು ಕೊಯ್ದು ನೋಡಿದ್ದು ಒಂದು ಕಪ್ಪೆಯನ್ನು. ಅದಕ್ಕೂ ಹೇಳಿಕೊಳ್ಳುವಂಥ ಹಲ್ಲುಗಳಿರಲಿಲ್ಲ. ಆದರೆ ನಮ್ಮ ಬೀದಿಯವರಿಗೆ ಈ ಸೂಕ್ಷ್ಮವೆಲ್ಲ ಬೇಕಿರಲಿಲ್ಲ. ಅವನನ್ನು ಕಂಡವರೆಲ್ಲ ನಮಸ್ಕಾರ ಹೇಳುವ ಬದಲು ಬಾಯಿ ತೆರೆಯುತ್ತಿದ್ದರು.

ಅದಕ್ಕೆ ಕಾರಣವೂ ಇತ್ತು. ತಾಮ್ರದ ಗಣಿಗಳು ಮುಚ್ಚಿದ ಮೇಲೆ ನಮ್ಮ ಊರು ಬಿಟ್ಟು ಮೊದಲು ಹೋದವನೇ ಹಲ್ಲಿನ ಡಾಕ್ಟರು. ನಲವತ್ತು ದಾಟಿದವರ ಬಾಯಲ್ಲಿ ಸ್ವಂತ ಹಲ್ಲಿಗಿಂತ ಕಟ್ಟಿಸಿದ ಹಲ್ಲೇ ಹೆಚ್ಚು. ಇಂಥದೇ ಇನ್ನೊಂದು ಗಣಿಯೂರಿನಲ್ಲಿದ್ದ ಆರ್ನಿಯ ಅಮ್ಮನಿಗಂತೂ ಕಟ್ಟಿಸಿಕೊಳ್ಳುವ ಅನುಕೂಲವೂ ಇರಲಿಲ್ಲ. ನಗು ಬಂದಾಗಲೆಲ್ಲ ಅವಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಚಿಕ್ಕಂದಿನಿಂದ ಅದನ್ನು ನೋಡಿ ಬೆಳೆದ ಆರ್ನಿ, ಆ ಕೈಯನ್ನು ಕೆಳಗಿಳಿಸಬೇಕೆಂದೇ ಈ ಓದಿಗೆ ಇಳಿದಿದ್ದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅವನು ಬಾಡಿಗೆಗಿದ್ದದ್ದು ಲೆಂಪಿಯಮ್ಮನ ಮನೆಯ ಮಹಡಿಯ ಕೋಣೆಯಲ್ಲಿ, ಗಸ್ ಟ್ರೆಂಬಾತ್ ಎಂಬ ಗೆಳೆಯನ ಜೊತೆ. ಗಸ್ ಕೂಡ ಹಲ್ಲಿನ ಹಾದಿ ಹಿಡಿದವನೇ. ಬೇಸಿಗೆಯ ರಜೆಯುದ್ದಕ್ಕೂ ಇಬ್ಬರೂ ಲೆಂಪಿಯಮ್ಮನ ಅಡುಗೆಮನೆಯ ಮೇಜಿನ ಮೇಲೆ ಕಾಲೇಜಿನ ಪಾಠಪಟ್ಟಿ ಹರಡಿಕೊಂಡು, ಯುದ್ಧಕ್ಕೆ ಹೊರಟ ಸೇನಾಪತಿಗಳ ಹಾಗೆ ಲೆಕ್ಕ ಹಾಕಿದ್ದರು. ಈ ವರ್ಷ ಆರ್ಗ್ಯಾನಿಕ್ ಕೆಮಿಸ್ಟ್ರಿ ಮತ್ತು ಭೌತಶಾಸ್ತ್ರ. ಆರ್ಗ್ಯಾನಿಕ್ ಆದರೆ ಮುಂದಿನ ವರ್ಷ ಜೀವರಸಾಯನ. ಅದಾದರೆ ಪ್ರವೇಶ ಪರೀಕ್ಷೆ. ಆರ್ಗ್ಯಾನಿಕ್ ತಪ್ಪಿದರೆ ಉಳಿದದ್ದೆಲ್ಲ ಸಾಲಾಗಿ ನಿಲ್ಲಿಸಿದ ಇಸ್ಪೀಟೆಲೆಗಳ ಹಾಗೆ ಒಂದರ ಮೇಲೊಂದು ಬೀಳುತ್ತಿತ್ತು. ಬೆರಳಿಗೆ ಹದ ಬರಲಿ ಎಂದು ಕುಂಬಾರಿಕೆಯ ಕ್ಲಾಸನ್ನೂ ತಗೋಬೇಕು ಅಂತ ಗಸ್ ಹಟ ಹಿಡಿದಿದ್ದ. ಲೆಂಪಿಯಮ್ಮ, "ಬೆರಳಿಗೆ ಹದ ಬೇಕಂದ್ರೆ ಇಲ್ಲಿ ಬಂದು ಹಿಟ್ಟು ನಾದ್ರೋ. ಅದಕ್ಯಾಕೆ ಕಾಲೇಜು?" ಎಂದು ಇಬ್ಬರಿಂದಲೂ ಏಲಕ್ಕಿ ಬ್ರೆಡ್ಡಿನ ಹಿಟ್ಟು ನಾದಿಸಿದ್ದರು.

ಆರ್ಗ್ಯಾನಿಕ್ ಪಾಠ ಎರಡು ಹೊತ್ತಿನಲ್ಲಿತ್ತು. ಮಧ್ಯಾಹ್ನ ಎರಡು ಗಂಟೆಯದನ್ನು ಪ್ರೊಫೆಸರ್ ಲಪ್ಲಾಂಟ್ ಮಾಡುತ್ತಿದ್ದರು. ದುಂಡು ಮುಖದ, ಮೀನು ಹಿಡಿಯುವ ಹುಚ್ಚಿನ ಮನುಷ್ಯ. ಉತ್ತರ ತಪ್ಪಾದರೂ ಪ್ರಯತ್ನ ಪಟ್ಟದ್ದಕ್ಕೆ ಅರ್ಧ ಅಂಕ ಕೊಡುತ್ತಿದ್ದರು. ಬೆಳಿಗ್ಗೆ ಎಂಟು ಗಂಟೆಯದು ಪ್ರೊಫೆಸರ್ ವಿನಿಫ್ರೆಡ್ ಸ್ಟ್ರೌಡ್ ಅವರದು. ಆಕೆಯ ಕ್ಲಾಸಿಗೆ ಹಲ್ಲಿನ ಡಾಕ್ಟರಾಗಲು ಹೋದವರು ಇನ್ಶೂರೆನ್ಸ್ ಏಜೆಂಟರಾಗಿ ಹೊರಗೆ ಬರುತ್ತಿದ್ದರು. ನಮ್ಮೂರಿನಲ್ಲಿ ಅಷ್ಟೊಂದು ಇನ್ಶೂರೆನ್ಸ್ ಏಜೆಂಟರು ಇರುವುದಕ್ಕೆ ಆಕೆಯೇ ಕಾರಣ ಎನ್ನುವವರಿದ್ದರು.

ಪಾಠಗಳನ್ನು ಹಂಚುತ್ತಿದ್ದದ್ದು ಕಾಲೇಜಿನ ಜಿಮ್ಮಿನಲ್ಲಿ. ಬಾಸ್ಕೆಟ್‌ಬಾಲ್ ಅಂಗಳದ ತುಂಬ ಮೇಜುಗಳು. ಒಂದೊಂದು ಮೇಜಿನ ಮೇಲೂ ಒಂದೊಂದು ಪಾಠದ ತೂತು ಹೊಡೆದ ಕಾರ್ಡುಗಳ ಕಟ್ಟು. ಕಾರ್ಡು ಸಿಕ್ಕಿದರೆ ಸೀಟು ಸಿಕ್ಕಿದ ಹಾಗೆ, ಕಟ್ಟು ಖಾಲಿಯಾದರೆ ಬಾಗಿಲು ಮುಚ್ಚಿದ ಹಾಗೆ. ಮನೆತನದ ಹೆಸರಿನ ಅಕ್ಷರದ ಪ್ರಕಾರ ಒಳಗೆ ಬಿಡುತ್ತಿದ್ದರು. ಆ ವರ್ಷ ಕೊನೆಯ ಅಕ್ಷರದಿಂದ ಶುರು. ಹಾಗಾಗಿ ಟ್ರೆಂಬಾತನ ಸರದಿ ಬೆಳಿಗ್ಗೆ ಬೇಗನೇ ಬಂದು ಗಸ್ ಎದ್ದು ಹೋಗಿದ್ದ. ಕೊಸ್ಕೆಲನ ಸರದಿ ಹತ್ತು ಗಂಟೆಗೆ.

ಹತ್ತಕ್ಕೆ ಸರಿಯಾಗಿ ತಲುಪುವ ಹಾಗೆಯೇ ಆರ್ನಿ ಮನೆಯಿಂದ ಹೊರಬಿದ್ದ. ಮೆಟ್ಟಿಲಿಳಿಯುತ್ತಿದ್ದಂತೆ ಎಮಿಲಜ್ಜ ಬೇಲಿಯಾಚೆಯಿಂದ ಕೈ ಮಾಡಿದ.

"ಡಾಕ್ಟ್ರೇ, ಒಂದ್ನಿಮಿಷ."

"ಅಜ್ಜಾ, ಇವತ್ತು ಅರ್ಜೆಂಟು. ಸಾಯಂಕಾಲ ನೋಡ್ತೀನಿ."

"ಸಾಯಂಕಾಲದ ಹೊತ್ತಿಗೆ ನೋವು ಹೋಗ್ಬಿಟ್ರೆ ಏನ್ ತೋರಿಸ್ಲಿ?" ಎಂದು ಅಜ್ಜ ಬಾಯಿ ತೆರೆದೇಬಿಟ್ಟ.

ತೆರೆದ ಬಾಯನ್ನು ಹಾಗೇ ಬಿಟ್ಟು ಹೋಗುವುದು ಆರ್ನಿಗೆ ಸಾಧ್ಯವಾಗಲಿಲ್ಲ. ಇಣುಕಿದ. ಒಳಗೆ ಮುಚ್ಚಿದ ಗಣಿಯ ಹಾಗೆ ಕತ್ತಲೆ. ಅಲ್ಲೊಂದು ಇಲ್ಲೊಂದು ಕಂಬ ನಿಂತಿತ್ತು.

"ಯಾವುದು ಅಜ್ಜಾ?"

"ಅಆ."

"ಇದಾ?"

"ಅಅಆ!"

ಅದಲ್ಲ, ಅದರ ಪಕ್ಕದ್ದು. ಪಕ್ಕದ್ದೂ ಅಲ್ಲ, ಮೇಲಿನದು. ಕೊನೆಗೆ ಅಜ್ಜನಿಗೇ ಗೊಂದಲವಾಗಿ, ನೋಯುತ್ತಿದ್ದದ್ದು ಹಲ್ಲೋ ಕಿವಿಯೋ ಎಂಬ ಚರ್ಚೆ ಶುರುವಾಯಿತು. ಆರ್ನಿ ಉಪ್ಪುನೀರು ಮುಕ್ಕಳಿಸಲು ಹೇಳಿ ಓಡಿದ. ಜಿಮ್ಮು ಸೇರುವಷ್ಟರಲ್ಲಿ ಅವನ ಅಕ್ಷರದವರೆಲ್ಲ ಒಳಗೆ ಹೋಗಿ, ಮುಂದಿನ ಅಕ್ಷರದವರೂ ನುಗ್ಗುತ್ತಿದ್ದರು.

ಕೆಮಿಸ್ಟ್ರಿಯ ಮೇಜಿನ ಹಿಂದೆ ವಿಭಾಗದ ಗುಮಾಸ್ತೆ ಡೋರಿಸ್ ಕೂತಿದ್ದಳು. ಲಪ್ಲಾಂಟರ ಕಟ್ಟಿನ ಜಾಗದಲ್ಲಿ ಅದನ್ನು ಸುತ್ತಿದ್ದ ರಬ್ಬರ್‌ಬ್ಯಾಂಡು ಮಾತ್ರ ಬಿದ್ದಿತ್ತು.

"ಎರಡು ಗಂಟೇದು ಈಗ ತಾನೇ ಮುಗೀತಪ್ಪ. ಎಂಟು ಗಂಟೇದು ಒಂದೇ ಒಂದು ಇದೆ. ಬೇಕಾ, ಬೇಡ್ವಾ? ಬೇಗ ಹೇಳು, ನಿನ್ನ ಹಿಂದೆ ಜನ ನಿಂತಿದಾರೆ."

ಆರ್ನಿ ಹಿಂದೆ ನೋಡಿದ. ದಪ್ಪ ಕನ್ನಡಕದ ಹುಡುಗಿಯೊಬ್ಬಳು ಆ ಕಾರ್ಡನ್ನೇ ದಿಟ್ಟಿಸುತ್ತ ನಿಂತಿದ್ದಳು. ಅವನ ಕೈ ತಾನಾಗಿ ಮುಂದೆ ಹೋಯಿತು. ಕಾರ್ಡು ಬಂತು. ಹುಡುಗಿಯ ಕಣ್ಣಲ್ಲಿ ನೀರೂ ಬಂತು.

ಗಸ್ ಜಿಮ್ಮಿನ ಗೋಡೆಗೊರಗಿ ಸೇಬು ಕಡಿಯುತ್ತಿದ್ದ. ಅವನ ಜೇಬಿನಿಂದ ಲಪ್ಲಾಂಟರ ಕಾರ್ಡು ಇಣುಕುತ್ತಿತ್ತು. ಆರ್ನಿಯ ಕೈಯಲ್ಲಿದ್ದದ್ದನ್ನು ನೋಡಿ ಅವನು ಸೇಬು ನುಂಗುವುದನ್ನೇ ಮರೆತ.

"ಸ್ಟ್ರೌಡಾ? ಲೋ ಆರ್ನಿ, ಇನ್ಶೂರೆನ್ಸ್ ಕಂಪನಿಯವರಿಗೆ ಈಗಲೇ ಒಂದು ಮಾತು ಹೇಳಿಡ್ಲಾ?"

"ತಮಾಷೆ ಬೇಡ ಕಣೋ. ಏನಾದ್ರೂ ದಾರಿ ಹೇಳು."

"ಲಪ್ಲಾಂಟ್ ಹತ್ರ ಹೋಗಿ ಅಳು. ಅವರಿಗೆ ಇಲ್ಲ ಅನ್ನೋಕೇ ಬರಲ್ಲ."

ಲಪ್ಲಾಂಟರು ತಮ್ಮ ಕೋಣೆಯಲ್ಲಿ ಗಾಳದ ದಾರ ಬಿಡಿಸುತ್ತ ಕೂತಿದ್ದರು. ಗಸ್ ಹೇಳಿದಂತೆಯೇ ಅವರಿಗೆ ಇಲ್ಲ ಎನ್ನಲು ಬರಲಿಲ್ಲ. "ಲ್ಯಾಬಿನಲ್ಲಿ ಒಂದು ಜಾಗ ಇದೆ ಮಗು, ಬಾ ಅಂತೀನಿ. ಆದ್ರೆ ನೀನೀಗ ಅವರ ಕಾರ್ಡು ಹಿಡ್ಕೊಂಡಿದೀಯಲ್ಲ. ಅವರು ಬಿಟ್ಟುಕೊಟ್ಟೆ ಅಂತ ಬರೆದು ಸಹಿ ಹಾಕ್ಬೇಕು."

"ನೀವೇ ಒಂದ್ಮಾತು ಹೇಳಿದ್ರೆ, ಸರ್..."

ಲಪ್ಲಾಂಟರು ಗಾಳವನ್ನು ಕೆಳಗಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹದಿನೈದು ವರ್ಷದಿಂದ ನಾನು ಈ ಎರಡು ಗಂಟೆ ಪಾಠ ಮಾಡ್ತಿದೀನಿ. ಮಧ್ಯಾಹ್ನ ಮೀನು ಚೆನ್ನಾಗಿ ಕಚ್ಚೋ ಹೊತ್ತು. ನನಗೇನು ಬೆಳಿಗ್ಗೆ ಪಾಠ ಬೇಡವಾಗಿತ್ತಾ? ಆಕೆಯನ್ನ ಕೇಳೋ ಧೈರ್ಯ ಇರಲಿಲ್ಲ. ನೀನೇ ಹೋಗು. ದೇವರು ಒಳ್ಳೇದು ಮಾಡ್ಲಿ."

ಕೆಮಿಸ್ಟ್ರಿ ಕಟ್ಟಡದ ಮೆಟ್ಟಿಲ ಮೇಲೆ ಗಸ್ ಕಾಯುತ್ತಿದ್ದ.

"ನಿಮ್ಮನ್ನ ಕಂಡ್ರೆ ಭಯ ಅಂತ ಮಾತ್ರ ಹೇಳ್ಬೇಡ. ಎಂಟು ಗಂಟೆ ಹೊತ್ತೇ ಆಗಲ್ಲ ಅನ್ನು. ಮನೇಲಿ ಯಾರಿಗೋ ಹುಷಾರಿಲ್ಲ, ಬೆಳಿಗ್ಗೆ ನಾನೇ ನೋಡ್ಕೋಬೇಕು ಅನ್ನು."

"ನಮ್ಮನೆ ಇಲ್ಲಿಂದ ಎಪ್ಪತ್ತು ಮೈಲಿ ಕಣೋ."

"ಬಾಡಿಗೆ ಮನೆ ಮನೆ ಅಲ್ವಾ?"

ಪ್ರೊಫೆಸರ್ ಸ್ಟ್ರೌಡರ ಕೋಣೆಯಲ್ಲಿ ಎಲ್ಲವೂ ಇರಬೇಕಾದ ಜಾಗದಲ್ಲಿತ್ತು. ಕೆಂಪು ಪೆನ್ಸಿಲುಗಳು ಮೊನೆ ಮೇಲೆ ಮಾಡಿಕೊಂಡು ಒಂದು ಲೋಟದಲ್ಲಿ ನಿಂತಿದ್ದವು. ಎತ್ತರದ ನಿಲುವು, ಹಿಂದಕ್ಕೆಳೆದು ಬಿಗಿದ ಬಿಳಿ ಕೂದಲು. ಆಕೆ ತಲೆಯೆತ್ತಿ ನೋಡಿದಾಗ ಆರ್ನಿಗೆ ತಾನೇ ಮೇಜಿನ ಮೇಲಿನ ಕಪ್ಪೆ ಎನಿಸಿತು.

"ಏನು?"

"ಮೇಡಂ, ನಾನು ಆರ್ನಿ ಕೊಸ್ಕೆಲ. ನಿಮ್ಮ ಎಂಟು ಗಂಟೆ ಕ್ಲಾಸಿನಲ್ಲಿದೀನಿ."

"ಕ್ಲಾಸೇ ಇನ್ನೂ ಶುರುವಾಗಿಲ್ಲ. ಆಗಲೇ ಸಂದೇಹವಾ?"

"ಇಲ್ಲ ಮೇಡಂ. ಎರಡು ಗಂಟೆಯದಕ್ಕೆ ಹೋಗೋಣ ಅಂತ... ಹೋಗ್ಬೇಕಾಗಿದೆ. ನನಗೇನೂ ಇಷ್ಟ ಇಲ್ಲ. ನಿಮ್ಮ ಹತ್ರಾನೇ ಕಲೀಬೇಕು ಅಂತ ಎಷ್ಟು ಆಸೆ ಇತ್ತು! ಆದ್ರೆ ಬೆಳಿಗ್ಗೆ ಹೊತ್ತು ನಮ್ಮ ಮನೆ ಓನರಮ್ಮನ್ನ ನೋಡ್ಕೋಬೇಕು. ಸೊಂಟ ಹಿಡ್ಕೊಂಡು ಮಲಗಿಬಿಟ್ಟಿದಾರೆ. ಗಂಜಿ ಮಾಡಿ, ಕುಡಿಸಿ, ಎಲ್ಲಾ ನಾನೇ..."

"ಯಾರದು?"

"ಮಿಸೆಸ್ ಹೆಯ್ಕಿನೆನ್, ಮೇಡಂ."

"ಲೆಂಪಿಯಾ?" ಆಕೆ ಕುರ್ಚಿಯಿಂದ ಅರ್ಧ ಎದ್ದರು. "ಭಾನುವಾರ ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ನಿಂತು ಹಾಡಿದಳಲ್ಲ! ಎಲ್ಲರಿಗೂ ಕಾಫಿ ಕೊಟ್ಟಳು!"

ಹೆಸರು ಹೇಳಬಾರದಿತ್ತು ಎಂದು ಆರ್ನಿಗೆ ಆಗ ಹೊಳೆಯಿತು. ಇಷ್ಟು ಚಿಕ್ಕ ಊರಿನಲ್ಲಿ ಒಬ್ಬರನ್ನು ಇನ್ನೊಬ್ಬರಿಂದ ಬಚ್ಚಿಡುವುದು ಎಲ್ಲಿ ಸಾಧ್ಯ?

"ಅದಾದ ಮೇಲೇ ಮೇಡಂ. ಆ ಕಾಫಿ ಪಾತ್ರೆ ಎತ್ತಿದ್ದೇ ತಪ್ಪಾಯ್ತು."

ಸ್ಟ್ರೌಡರು ಮತ್ತೆ ಕುರ್ಚಿಯಲ್ಲಿ ಕೂತರು. ಮುಖದ ಯಾವುದೋ ಬಿಗಿ ಸಡಿಲವಾದಂತೆ ಕಂಡಿತು. ಒಂದು ಚೀಟಿ ತೆಗೆದು, ಬಿಟ್ಟುಕೊಟ್ಟಿದ್ದೇನೆಂದು ಬರೆದು, ಸಹಿ ಹಾಕಿ ಕೊಟ್ಟರು.

"ಸಾಯಂಕಾಲ ಕೆಲಸ ಮುಗಿಸಿ ಲೆಂಪಿಯನ್ನ ನೋಡೋಕೆ ಬರ್ತೀನಿ. ಹೇಳಿರು."

ಚೀಟಿ ಹಿಡಿದು ಹೊರಬಂದ ಆರ್ನಿ, ಸಂತೋಷಪಡಬೇಕೋ ಗಾಬರಿಪಡಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಪಟ್ಟ. ಲಪ್ಲಾಂಟರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಜವಾಗಲೂ ಆಕೆಯದೇ ಸಹಿ!" ಎಂದು ಅವನ ಕೈ ಕುಲುಕಿದರು. ಡೋರಿಸ್ ಹೊಸ ಕಾರ್ಡು ಬರೆದುಕೊಟ್ಟು ಹಳೆಯದನ್ನು ವಾಪಸು ತೆಗೆದುಕೊಂಡಳು. ಕನ್ನಡಕದ ಹುಡುಗಿ ಇನ್ನೂ ಅಲ್ಲೇ ನಿಂತಿದ್ದಳು. ಎಂಟು ಗಂಟೆಯ ಕಾರ್ಡು ಕೈಗೆ ಬಂದದ್ದೇ ಅವಳು ಆರ್ನಿಯ ಎರಡೂ ಕೈ ಹಿಡಿದು, "ನಿಮ್ಮ ಉಪಕಾರ ಮರೆಯಲ್ಲ" ಎಂದಳು. ಪಾಪ, ಸಿಂಹದ ಬೋನಿಗೆ ಟಿಕೆಟ್ಟು ತೆಗೆದುಕೊಂಡು ಥ್ಯಾಂಕ್ಸ್ ಹೇಳುತ್ತಿದ್ದಾಳಲ್ಲ ಎಂದು ಅವನಿಗೆ ಅಳುಕಾಯಿತು.

ಮನೆಗೆ ಓಡಿದರೆ, ಸೊಂಟ ಹಿಡಿದುಕೊಂಡು ಮಲಗಿರಬೇಕಾದ ಲೆಂಪಿಯಮ್ಮ ಏಣಿಯ ತುದಿಯಲ್ಲಿ ನಿಂತು ಮಹಡಿಯ ಕಿಟಕಿಗೆ ವಿನಿಗರ್ ಹಚ್ಚಿ ಉಜ್ಜುತ್ತಿದ್ದರು. ಒಂದು ಕಾಲು ಏಣಿಯ ಮೇಲೆ, ಇನ್ನೊಂದು ಗಾಳಿಯಲ್ಲಿ.

"ಅಮ್ಮಾ, ಇಳೀರಿ! ಬೇಗ ಇಳಿದು ಮಲಗಿ!"

"ಯಾಕೋ? ಮನೆಗೆ ಬೆಂಕಿ ಬಿದ್ದಿದ್ಯಾ? ಬೆಂಕಿ ಬಿದ್ರೆ ಮಲಗ್ತಾರೇನೋ?"

ಆರ್ನಿ ಏಣಿಯ ಬುಡ ಹಿಡಿದುಕೊಂಡು ನಡೆದದ್ದನ್ನೆಲ್ಲ ಹೇಳಿದ. ಲೆಂಪಿಯಮ್ಮ ಒಂದೊಂದೇ ಮೆಟ್ಟಿಲು ಇಳಿಯುತ್ತ ಕೇಳಿದರು. ನೆಲಕ್ಕೆ ಕಾಲಿಡುವಷ್ಟರಲ್ಲಿ ಅವರ ಮುಖ ಗಡಿಗೆಯಂತೆ ಊದಿತ್ತು.

"ನಾನು ಸುಳ್ಳು ಹೇಳೋಳಲ್ಲ. ಅದೂ ವಿನಿಫ್ರೆಡ್ ಹತ್ರ! ಪ್ರತಿ ಭಾನುವಾರ ಅವಳ ಮುಖ ನೋಡ್ಬೇಕು ನಾನು."

"ನೀವೇನೂ ಹೇಳೋದೇ ಬೇಡಮ್ಮಾ. ಸುಮ್ನೆ ಮಲಗಿರಿ. ಹೇಳೋದೆಲ್ಲ ನಾನು ಹೇಳ್ತೀನಿ."

"ಕಿಟಕಿ?"

"ನಾನು ಒರೆಸ್ತೀನಿ."

"ಚಳಿಗಾಲಕ್ಕೆ ಹಾಕೋ ಎರಡನೇ ಗಾಜುಗಳು? ಉಗ್ರಾಣದಿಂದ ತಂದು ತೊಳೆದು ಏರಿಸ್ಬೇಕು."

"ಅದನ್ನೂ ಏರಿಸ್ತೀನಿ."

ಲೆಂಪಿಯಮ್ಮ ಯೋಚಿಸಿದರು. ಮಲಗುವುದು ಸುಳ್ಳಲ್ಲ. ನೋಡಿದವರು ಏನಂದುಕೊಳ್ಳುತ್ತಾರೋ ಅದು ಅವರವರ ಹಣೆಬರಹ. ಹೀಗೆ ಧರ್ಮಸೂಕ್ಷ್ಮವನ್ನು ಬಿಡಿಸಿಕೊಂಡು ಒಳಗೆ ಹೋಗಿ, ಏಪ್ರನ್ನಿನಲ್ಲೇ ಹಾಸಿಗೆಯ ಮೇಲೆ ಒರಗಿದರು. ಗಂಡನ ಮಣ್ಣು ಮುಗಿಸಿ ಬಂದ ಮಧ್ಯಾಹ್ನವನ್ನು ಬಿಟ್ಟರೆ ಹಗಲು ಹೊತ್ತು ಬೆನ್ನು ನೆಲಕ್ಕೆ ತಾಗಿಸಿದ ನೆನಪೇ ಅವರಿಗಿರಲಿಲ್ಲ. ಐದು ನಿಮಿಷ ಸೂರು ನೋಡುತ್ತ ಬಿಗಿಯಾಗಿ ಮಲಗಿದ್ದರು. ಆಮೇಲೆ ಮೆಲ್ಲಗೆ ಕಾಲು ಚಾಚಿದರು.

"ಇನ್ನೊಂದು ದಿಂಬು ಕೊಡೋ," ಎಂದರು.

ಇತ್ತ ಗಸ್‌ನನ್ನು ಗಂಜಿಗೆ ಓಟ್ಸ್ ತರಲು ಸಹಕಾರಿ ಅಂಗಡಿಗೆ ಅಟ್ಟಿದ್ದೇ ಇನ್ನೊಂದು ತಪ್ಪಾಯಿತು. ಓಟ್ಸ್ ಯಾಕೆ ಎಂದು ಅಂಗಡಿಯವಳು ಕೇಳಿದಳಂತೆ. ಲೆಂಪಿಯಮ್ಮ ಮಲಗಿಬಿಟ್ಟಿದಾರೆ ಎಂದು ಇವನು ಹೇಳಿದನಂತೆ. ಗಸ್ ಮನೆಗೆ ವಾಪಸು ಬರುವ ಮೊದಲೇ ಸುದ್ದಿ ಬಂದಿತ್ತು. ಸುದ್ದಿಯ ಹಿಂದೆ ಜನ, ಜನರ ಕೈಯಲ್ಲಿ ಪಾತ್ರೆಗಳು. ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿಗಳು ಬಂದವು, ಹೊಗೆ ಹಾಕಿದ ಮೀನು ಬಂತು, ಬ್ಲೂಬೆರಿಯ ಸಿಹಿ ಬಂತು. ಅಡುಗೆಮನೆಯ ಮೇಜು ಮದುವೆ ಮನೆಯ ಹಾಗೆ ತುಂಬಿಹೋಯಿತು. ಬಂದವರು ಲೆಂಪಿಯಮ್ಮನ ತಲೆ ಸವರಿ, ತಮಗೆ ಗೊತ್ತಿದ್ದವರಲ್ಲಿ ಯಾರ್‍ಯಾರು ಸೊಂಟ ಹಿಡಿದುಕೊಂಡೇ ತೀರಿಹೋದರೆಂದು ಹೇಳಿ ಧೈರ್ಯ ತುಂಬಿದರು. ಲೆಂಪಿಯಮ್ಮ ಒಪ್ಪಂದದಂತೆ ಏನೂ ಹೇಳಲಿಲ್ಲ. ನಿಟ್ಟುಸಿರು ಮಾತ್ರ ಬಿಟ್ಟರು. ಆ ನಿಟ್ಟುಸಿರು ಮನೆಗೆ ಬಂದವರೊಬ್ಬೊಬ್ಬರಿಗೂ ಇನ್ನಷ್ಟು ಹದವಾಗುತ್ತ ಹೋಯಿತು.

ಸಾಯಂಕಾಲ ಸ್ಟ್ರೌಡರು ಬಂದಾಗ ಆರ್ನಿ ಹಾಸಿಗೆಯ ಅಂಚಿನಲ್ಲಿ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ಆಕೆಯ ಕೈಯಲ್ಲಿ ಸೂಪಿನ ಡಬ್ಬಿ ಇತ್ತು. ಬಾಗಿಲಲ್ಲೇ ನಿಂತು ಆ ದೃಶ್ಯವನ್ನು ನೋಡಿದರು. ಗಸ್ ಗೋಡೆಗಂಟಿ ನಿಂತು ಭಕ್ತಿಯಿಂದ ತಲೆ ತಗ್ಗಿಸಿದ್ದ.

"ಹೇಗಿದೀಯ ಲೆಂಪಿ?"

ಲೆಂಪಿಯಮ್ಮ ನಿಟ್ಟುಸಿರುಬಿಟ್ಟರು.

ಆ ಹೊತ್ತಿಗೇ ಸರಿಯಾಗಿ ಎಮಿಲಜ್ಜ ಒಳಗೆ ನುಗ್ಗಿದ. ಉಪ್ಪುನೀರು ಮುಕ್ಕಳಿಸಿ ಹಲ್ಲುನೋವು ಹೋಗಿ ಅವನಿಗೆ ಹುರುಪು ಬಂದಿತ್ತು. "ಇದೇನಿದು ಲೆಂಪಿ? ಬೆಳಿಗ್ಗೆ ನೀನು ಏಣಿ ಮೇಲೆ ನಿಂತು ಹಾಡು ಹೇಳ್ತಿದ್ದೆ. ನಾನೇ ಕಣ್ಣಾರೆ ನೋಡಿದೀನಿ!"

ಆರ್ನಿಯ ಕೈಯಲ್ಲಿದ್ದ ಚಮಚ ಅರ್ಧದಾರಿಯಲ್ಲಿ ನಿಂತಿತು. ಸ್ಟ್ರೌಡರು ನಿಧಾನವಾಗಿ ಅವನ ಕಡೆ ತಿರುಗಿದರು.

"ಏಣಿ?"

"ಹತ್ತಿದ್ರು ಮೇಡಂ," ಎಂದ ಆರ್ನಿ. ತನ್ನ ದನಿ ಎಲ್ಲಿಂದಲೋ ದೂರದಿಂದ ಬರುತ್ತಿರುವಂತೆ ಅವನಿಗೇ ಕೇಳಿಸಿತು. "ಬೇಡ ಬೇಡ ಅಂದ್ರೂ ಕೇಳದೆ ಆ ಸೊಂಟ ಇಟ್ಕೊಂಡು ಹತ್ತಿದ್ರು. ನಾನು ಸರಿಯಾದ ಹೊತ್ತಿಗೆ ಬಂದು ಇಳಿಸ್ದೆ."

ಅದರಲ್ಲಿ ಕೊನೆಯ ಮಾತಾದರೂ ನಿಜವಾಗಿತ್ತು.

"ನೀನು ಯಾವಾಗಲೂ ಹೀಗೇ ಲೆಂಪಿ," ಎಂದು ಸ್ಟ್ರೌಡರು ಗದರಿದರು. "ಸುಮ್ಮನೆ ಕೂರೋಕೇ ಬರಲ್ಲ ನಿನಗೆ." ಆಮೇಲೆ ಕುರ್ಚಿ ಎಳೆದುಕೊಂಡು ಆರ್ನಿಯ ಪಕ್ಕ ಕೂತರು. ಮಾತಾಡುವಾಗ ಅವನನ್ನು ನೋಡಲಿಲ್ಲ, ಗಂಜಿಯ ಬಟ್ಟಲನ್ನೇ ನೋಡುತ್ತಿದ್ದರು.

"ನಾನು ಓದೋ ಕಾಲಕ್ಕೆ ನಮ್ಮಮ್ಮ ಹಾಸಿಗೆ ಹಿಡಿದಿದ್ರು. ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿ, ತಿನ್ನಿಸಿ ಓಡೋ ಹೊತ್ತಿಗೆ ಪಾಠ ಶುರುವಾಗಿರ್ತಿತ್ತು. ತಡ ಆದವರಿಗೆ ನಮ್ಮ ಮೇಷ್ಟ್ರು ಬಾಗಿಲು ತೆಗೀತಿರ್ಲಿಲ್ಲ. ಆ ವರ್ಷ ಪೂರ್ತಿ ನಾನು ಆರ್ಗ್ಯಾನಿಕ್ ಪಾಠ ಕೇಳಿದ್ದು ಹೊರಗೆ ನಿಂತು, ಬಾಗಿಲ ಸಂದಿಯಿಂದ. ಹೊತ್ತು ಸ್ವಲ್ಪ ಬದಲಾಯಿಸಿ ಅಂತ ಕೇಳೋಕೂ ನನಗೆ ಧೈರ್ಯ ಬರಲಿಲ್ಲ. ನೀನು ಬಂದು ಕೇಳ್ದೆ."

ಆರ್ನಿ ಚಮಚವನ್ನು ಬಟ್ಟಲಿಗೆ ಇಳಿಸಿದ. ಈಕೆಯನ್ನೇ ಅಲ್ಲವೇ ತಾನು ಸಿಂಹವೆಂದುಕೊಂಡದ್ದು! ಇಷ್ಟು ಹೊತ್ತೂ ಒಂದರ ಮೇಲೊಂದು ಪೇರಿಸಿದ ಸುಳ್ಳುಗಳೆಲ್ಲ ಒಟ್ಟಿಗೆ ಎದೆಯ ಮೇಲೆ ಕೂತಂತಾಯಿತು. ಹೇಳಿಬಿಡಬೇಕು, ಎಲ್ಲವನ್ನೂ ಹೇಳಿ ಕ್ಷಮೆ ಕೇಳಿಬಿಡಬೇಕು. "ಮೇಡಂ, ನಾನು ನಿಮಗೊಂದು ಮಾತು..." ಎಂದು ಬಾಯಿ ತೆರೆದ. ಹಾಸಿಗೆಯಿಂದ ಲೆಂಪಿಯಮ್ಮನ ಕೈ ಹೊದಿಕೆಯೊಳಗಿಂದಲೇ ಬಂದು ಅವನ ತೊಡೆಯನ್ನು ಬಲವಾಗಿ ಚಿವುಟಿತು. ಭಾನುವಾರ ಚರ್ಚಿನಲ್ಲಿ ನಿಲ್ಲಬೇಕಾದವರು ಅವರಲ್ಲವೇ?

"ಏನೂ ಹೇಳ್ಬೇಡ," ಎಂದು ಸ್ಟ್ರೌಡರು ಎದ್ದರು. "ಫೋನ್ ಎಲ್ಲಿದೆ?"

ಅಡುಗೆಮನೆಯಲ್ಲಿ ಆಕೆ ಯಾರ ಜೊತೆಗೋ ಮಾತಾಡುವುದು ಕೇಳಿಸಿತು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಚೆ ಕಡೆಯಿಂದ ಯಾರೋ ಸಂತೋಷದಿಂದ ಕೂಗಿದಂತಿತ್ತು. ಅದು ಕೋಣೆಯವರೆಗೂ ಬಂತು.

ವಾಪಸು ಬಂದ ಸ್ಟ್ರೌಡರ ಮುಖದಲ್ಲಿ ಆರ್ನಿ ಹಿಂದೆಂದೂ ಕಾಣದ ವಸ್ತುವೊಂದಿತ್ತು. ಅದು ನಗು.

"ಲಪ್ಲಾಂಟ್ ಹತ್ರ ಮಾತಾಡಿದೆ. ನಾಳೆಯಿಂದ ಎಂಟು ಗಂಟೆ ಕ್ಲಾಸು ಅವರದು, ಎರಡು ಗಂಟೇದು ನನ್ನದು. ಪಾಪ, ಕೇಳ್ತಿದ್ದ ಹಾಗೇ ಒಪ್ಪಿಕೊಂಡ್ರು. ನನ್ನ ಹತ್ರಾನೇ ಕಲೀಬೇಕು ಅಂತ ಆಸೆ ಇತ್ತು ಅಂದೆಯಲ್ಲ ಆರ್ನಿ? ಇಷ್ಟು ವರ್ಷದಲ್ಲಿ ಆ ಮಾತು ಹೇಳಿದವನು ನೀನೊಬ್ಬನೇ. ನಿನಗೆ ಮೊದಲ ಸಾಲಲ್ಲೇ ಜಾಗ ಇಟ್ಟಿರ್ತೀನಿ."

ಆರ್ನಿ ನಕ್ಕ. ಬೇರೆ ಏನು ಮಾಡಲೂ ಮುಖ ಒಪ್ಪಲಿಲ್ಲ. ಗೋಡೆಯ ಬಳಿ ಗಸ್ ತನ್ನ ಜೇಬಿನ ಕಾರ್ಡನ್ನು ಹೊರತೆಗೆದು, ಅದು ಹಾವೇನೋ ಎಂಬಂತೆ ನೋಡುತ್ತಿದ್ದ.

"ಮೇಡಂ," ಎಂದ ಗಸ್, ಗಂಟಲು ಸರಿಮಾಡಿಕೊಂಡು. "ನನಗೆ ಬೆಳಿಗ್ಗೆ ಹೊತ್ತೇ ಓದು ತಲೆಗೆ ಹತ್ತೋದು. ನಾನು ಎಂಟು ಗಂಟೆಯದಕ್ಕೆ ಹೋದ್ರೆ..."

"ನೀನೂ ಇದೇ ಮನೇಲಿರೋನಲ್ವಾ?"

"ಹೌದು ಮೇಡಂ."

"ಮತ್ತೆ ಇವನೊಬ್ಬನೇ ಗಂಜಿ ಮಾಡೋದು, ಇವಳನ್ನ ಎತ್ತಿ ಕೂರಿಸೋದು, ಎಲ್ಲಾ ಹೇಗಾಗತ್ತೆ? ಬೆಳಿಗ್ಗೆ ಇಬ್ಬರೂ ಇರಿ. ಮಧ್ಯಾಹ್ನ ಇಬ್ಬರೂ ಬನ್ನಿ."

ಎಂಟು ಗಂಟೆಯ ಕ್ಲಾಸು ಈಗ ಲಪ್ಲಾಂಟರದು ಎಂಬುದು ಆರ್ನಿಯ ತಲೆಯೊಳಗೆ ಆಗ ಪೂರ್ತಿಯಾಗಿ ಇಳಿಯಿತು. ಬೆಳಿಗ್ಗೆ ಅವನ ಕೈಯಲ್ಲೇ ಇದ್ದ ಕಾರ್ಡು. ಎಷ್ಟು ಓಡಾಡಿ, ಎಷ್ಟು ಸುಳ್ಳು ಹೇಳಿ ಅದನ್ನು ವಾಪಸು ಕೊಟ್ಟಿದ್ದ! ಕನ್ನಡಕದ ಹುಡುಗಿ ಇನ್ನು ಉತ್ತರ ತಪ್ಪಾದರೂ ಅರ್ಧ ಅಂಕ ಪಡೆಯುತ್ತ, ಅವನ ಉಪಕಾರವನ್ನು ಮರೆಯದೆ ಆರಾಮವಾಗಿ ಓದಿಕೊಂಡಿರುತ್ತಾಳೆ.

ಸ್ಟ್ರೌಡರು ಕೋಟು ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತರು. "ಇನ್ನು ಬೆಳಿಗ್ಗೆ ನನಗೂ ಬಿಡುವು. ಕಾಲೇಜಿಗೆ ಹೋಗೋ ದಾರಿಯಲ್ಲೇ ಈ ಮನೆ. ದಿನಾ ಬಂದು ಒಂದು ಗಳಿಗೆ ನೋಡ್ಕೊಂಡು ಹೋಗ್ತೀನಿ ಲೆಂಪಿ. ಕ್ರಿಸ್‌ಮಸ್‌ವರೆಗೆ ಹಾಸಿಗೆ ಬಿಟ್ಟು ಏಳ್ಬೇಡ. ಸೊಂಟದ ನೋವು ಅಂದ್ರೆ ಹುಡುಗಾಟ ಅಲ್ಲ."

ಬಾಗಿಲು ಮುಚ್ಚಿತು. ಎಮಿಲಜ್ಜ ಅಡುಗೆಮನೆಯಲ್ಲಿ ಪ್ಯಾಸ್ಟಿ ಹುಡುಕಲು ಹೋದ. ಗಸ್ ನೆಲದ ಮೇಲೆ ಕುಸಿದು ಕೂತ. ಆರ್ನಿ ಬಟ್ಟಲು ಹಿಡಿದುಕೊಂಡು ಹಾಗೇ ಕೂತಿದ್ದ.

"ಅಮ್ಮಾ," ಎಂದ ಅಳುವ ದನಿಯಲ್ಲಿ. "ನಾಳೆ ಬೆಳಿಗ್ಗೆ ಸೊಂಟ ಇದ್ದಕ್ಕಿದ್ದ ಹಾಗೆ ವಾಸಿಯಾಯ್ತು ಅಂತ ನೀವೇ ಅವರಿಗೆ ಹೇಳ್ಬಿಟ್ರೆ?"

ಲೆಂಪಿಯಮ್ಮ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು, ಎರಡೂ ದಿಂಬುಗಳ ನಡುವೆ ತಲೆಗೆ ಹಿತವಾದ ಜಾಗ ಮಾಡಿಕೊಂಡರು.

"ಆಗಲೇ ಹೇಳಿದೀನಲ್ಲೋ, ನಾನು ಸುಳ್ಳು ಹೇಳೋಳಲ್ಲ ಅಂತ," ಎಂದರು. "ನಾಳೆ ಗಂಜಿಗೆ ಉಪ್ಪು ಸ್ವಲ್ಪ ಕಡಿಮೆ ಹಾಕು."